ಗೋದಾಮಿನ ಹಿಂದಿನ ಇರುವೆ ಸಾಲು

ಶಹಾಬಾದ. 9 ಸೆಪ್ಟೆಂಬರ್ 1979, ಭಾನುವಾರ. ಮಧ್ಯಾಹ್ನ.

ಬಂದಿರಾ? ಕೂತಿರಾ? ನೆಲದ ಮೇಲೆ ಕೂತವರೇ, ಗೋಡೆ ಹತ್ತಿದವರೇ, ಟಿಕೀಟಿಲ್ಲದೆ ತಟ್ಟಿ ಸರಿಸಿ ನುಸುಳಿದವರೇ, ಎಲ್ಲರಿಗೂ ಈ ಗುಲಾಮ ದಸ್ತಗೀರನ ಸಲಾಮು. ಸದ್ದು ಮಾಡಬೇಡಿ. ಖೇಲು ಶುರುವಾಗುತ್ತದೆ.

ಇಲ್ಲಿ ಯಾರೂ ಇಲ್ಲ, ಗೊತ್ತು. ಗೂಡಿನಲ್ಲಿ ಕಂದೀಲು, ಮೂಲೆಯಲ್ಲಿ ಜೋಳದ ಚೀಲ, ಮೊಳೆಗೆ ತೂಗುಹಾಕಿದ ಜರಿ ಅಂಗಿ. ಅಷ್ಟೇ ಸಭೆ. ಆದರೂ ಎದುರಿಗೆ ಮಂದಿ ಇದ್ದಾರೆ ಅಂದುಕೊಳ್ಳದೆ ಬರೆಯಲು ಬರುವುದಿಲ್ಲ. ಕಂಪನಿ ನಾಟಕದಲ್ಲಿ ಬೆಳೆದವನು. ನನ್ನ ತೊಟ್ಟಿಲೇ ಪರದೆಯ ಹಗ್ಗಕ್ಕೆ ಕಟ್ಟಿದ ಜೋಳಿಗೆ.

ಬೆಳಿಗ್ಗೆ ಖಣಿಗೆ ಹೋಗಿ ಬಂದೆ. ಭಾನುವಾರವಾದರೂ ಫರಸಿ ಕಲ್ಲಿನ ಲಾರಿ ತುಂಬಿಸುವುದಿತ್ತು. ಮುಕಾದಮನ ಕೆಲಸ ಅಂದರೆ ಕೂಗುವುದು. ಈ ಗಂಟಲಿಗೇ ಪಗಾರ. ಎಡಗಾಲ ಹೆಬ್ಬೆರಳ ಬುಡಕ್ಕೆ ಕಲ್ಲಿನ ಚಕ್ಕೆ ಹೊಡೆದು ಆದ ಗಾಯ ಇನ್ನೂ ಹಸಿಯಾಗಿದೆ. ನೋವಿಲ್ಲ. ಒಳ್ಳೆಯದೇ ಆಯಿತು.

ನಿನ್ನೆ ಸಂಜೆಯದನ್ನು ಬರೆಯಬೇಕು. ಬರೆಯದಿದ್ದರೆ ಎದೆ ಒಡೆಯುತ್ತದೆ.

ನವೆಂಬರ್ ಒಂದಕ್ಕೆ ಖಣಿಯವರ ನಾಟಕ. ತಾಲೀಮು ನಡೆಯುವುದು ರಸ್ತೆ ಪಕ್ಕದ ಖಾಲಿ ಗೋದಾಮಿನಲ್ಲಿ. ಬರೆದವನು, ಕಲಿಸುವವನು, ಕಾಲಿನಿಂದ ತುಳಿದು ಹಾರ್ಮೋನಿಯಂ ಪೇಟಿ ಬಾರಿಸುವವನು — ಎಲ್ಲ ನಾಗೇಂದ್ರಪ್ಪ ಒಬ್ಬನೇ. ನಾನು ಮತ್ತು ಅವನು ಒಂದೇ ಕಂಪನಿಯಲ್ಲಿ, ಒಂದೇ ತಾಟಿನಲ್ಲಿ ಉಂಡು ದೊಡ್ಡವರಾದವರು. ನನ್ನದು ರಾಜಪಾರ್ಟು. ಅದು ಯಾರೂ ಕೇಳುವ ಮಾತೇ ಅಲ್ಲ. ಈ ಭಾಗದಲ್ಲಿ ಕಿರೀಟ ಅಂದರೆ ನನ್ನ ತಲೆ.

ಗಂಟಲು ಈಚೆಗೆ ಒಣಗುತ್ತದೆ. ಒಣಗಿದರೆ ಕಲ್ಲುಸಕ್ಕರೆ. ಕಂಪನಿಯ ಮಾಲಕರು ಕಲಿಸಿದ ಪದ್ಧತಿ — ಒಂದು ಹರಳು ದವಡೆಗೆ ಒತ್ತಿಕೊಂಡು ಮಾತು ಹೇಳಬೇಕು, ಧ್ವನಿ ಒಡೆಯುವುದಿಲ್ಲ. ನಾಗೇಂದ್ರಪ್ಪನ ಸೊಂಟದ ಕೆಂಪು ಚಂಚಿಯಲ್ಲಿ ಅದು ಯಾವತ್ತೂ ಇರುತ್ತದೆ. ನನಗೊಂದು ಹರಳು, ತನಗೊಂದು ಹರಳು. ಒಣಗಿದಷ್ಟೂ ಕೊಡುತ್ತಾನೆ. ಕೊಟ್ಟಷ್ಟೂ ಒಣಗುತ್ತದೆ.

ನಿನ್ನೆ ನಡುವೆ ಎದ್ದು ಗೋದಾಮಿನ ಹಿಂದಿನ ಗೋಡೆಗೆ ಹೋಗಿ ಬಂದೆ. ಪದೇ ಪದೇ ಹೋಗಬೇಕಾಗುತ್ತದೆ, ವಯಸ್ಸು. ನನ್ನ ಹಿಂದೆಯೇ ನಾಗೇಂದ್ರಪ್ಪ ಹೋದ. ನಗುತ್ತ ಬಂದ. ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿ ಗೋಡೆಯ ಬುಡ ತೋರಿಸಿದ. ಕಲ್ಲಿನ ಸಂದಿಯಿಂದ ಹೊರಟ ಕರಿ ಇರುವೆ ಸಾಲು, ದಿಬ್ಬಣ ಹೊರಟ ಹಾಗೆ.

"ನೋಡ್ರಪಾ," ಅಂದ. "ನಮ್ಮ ಮಹಾರಾಜ ಎಲ್ಲಿ ನಿಂತು ಬರ್ತಾನ ಅಲ್ಲಿ ಇರವಿ ದರ್ಬಾರ ಮಾಡ್ಲಿಕತ್ಯಾವ. ಇವನ ಹೊಟ್ಟ್ಯಾಗ ಮಿಠಾಯಿ ದುಕಾನ್ ಅದ."

ಎಲ್ಲರೂ ನಕ್ಕರು. ಮಂತ್ರಿ ಪಾರ್ಟಿನ ಸೂಗಪ್ಪ, ಅರಿವೆ ಅಂಗಡಿಯವನು, ನಗುತ್ತ ನೆಲಕ್ಕೇ ಕೂತ. ನನ್ನೆದುರು ಹುಬ್ಬೆತ್ತಿ ಮಾತಾಡಲು ಹೆದರುವ ಸೂಗಪ್ಪ!

ನಾನು ನಗಲಿಲ್ಲ. ರಂಗದ ಮೇಲೆ ನೂರು ಸಲ ಸತ್ತಿದ್ದೇನೆ. ಹೀಗೆ ಸತ್ತಿರಲಿಲ್ಲ.

ಇದಕ್ಕೆ ಜವಾಬು ಇದೆ, ನಾಗೇಂದ್ರಪ್ಪಾ. ಇನ್ನು ಆ ಗೋಡೆಯ ಕಡೆ ಕಾಲಿಡುವುದಿಲ್ಲ. ರಸ್ತೆ ದಾಟಿ ಜಾಲಿಗಿಡದ ಮರೆಗೆ ಹೋಗುತ್ತೇನೆ. ಅಲ್ಲಿಗೆ ಬಂದು ನೋಡು, ಮುಳ್ಳು ನಾಟಲಿ.

12 ಸೆಪ್ಟೆಂಬರ್, ಬುಧವಾರ. ಸಂಜೆ.

ಗಾಯ ಕಪ್ಪಾಯಿತು ಅಂತ ಹೆಂಡತಿ ಅಮೀರ್ಬೀ ದವಾಖಾನೆಗೆ ಎಳೆದುಕೊಂಡು ಹೋದಳು. ಗಾಯಕ್ಕೆ ಮಲಾಮು ಕೊಡುತ್ತಾರೆ ಅಂದುಕೊಂಡು ಹೋದೆ. ಡಾಕ್ಟರ್ ಹಣಮಂತರಾಯ ಕಾಲು ನೋಡಿ, ಕೈಗೆ ಸೀಸೆ ಕೊಟ್ಟು ಮೂತ್ರ ತರಲು ಹೇಳಿದರು. ಕಾಲಿಗೂ ಅದಕ್ಕೂ ಏನು ಸಂಬಂಧ?

ಗಾಜಿನ ನಳಿಗೆಯಲ್ಲಿ ನೀಲಿ ಔಷಧ. ಅದರಲ್ಲಿ ನನ್ನದು ಕೆಲವು ಹನಿ. ಕೆಳಗೆ ಸ್ಪಿರಿಟ್ ದೀಪ. ನೀಲಿ ಹಸಿರಾಯಿತು. ಹಸಿರು ಹಳದಿ. ಆಮೇಲೆ... ಇಟ್ಟಂಗಿ. ಪೂರಾ ಸುಟ್ಟ ಇಟ್ಟಂಗಿಯ ಕೆಂಪು. ಇಷ್ಟು ಚಂದದ ಟ್ರಿಕ್ ಸೀನು ಕಂಪನಿಯಲ್ಲೂ ನೋಡಿರಲಿಲ್ಲ. ಡಾಕ್ಟರು ಮಾತ್ರ ಚಪ್ಪಾಳೆ ಹೊಡೆಯುವ ಮುಖದಲ್ಲಿ ಇರಲಿಲ್ಲ.

ಆಮೇಲೆ ಕಣ್ಣು ಮುಚ್ಚು ಅಂದರು. ಮುಚ್ಚಿದೆ.

"ಸೂಜಿ ಚುಚ್ಚಿದ್ದು ಗೊತ್ತಾತೇನ್ರಿ?"

"ಯಾವಾಗ ಚುಚ್ಚಿದ್ರಿ?"

ಕಣ್ಣು ತೆರೆದರೆ ಅಂಗಾಲಲ್ಲಿ ರಕ್ತದ ಹನಿ.

ಸಕ್ಕರೆ ಕಾಯಿಲೆ. ಬಹಳ ದಿನದಿಂದ ಇದ್ದಿರಬೇಕಂತೆ. ನೋವಿಲ್ಲದ ಕಾಲು ಒಳ್ಳೆಯ ಕಾಲಲ್ಲವಂತೆ, ಕೊಳೆತರೂ ಹೇಳುವುದಿಲ್ಲವಂತೆ. ಎಂದು ವಾಸಿ ಅಂತ ಕೇಳಿದೆ.

"ಇದು ಹೋಗೋ ಬ್ಯಾನಿ ಅಲ್ರಿ, ದಸ್ತಗೀರ ಸಾಬ್. ಹದ್ದಬಸ್ತಿನ್ಯಾಗ ಇಡೋ ಬ್ಯಾನಿ."

ಗಂಟಲು ಒಣಗಿದರೆ ಕಲ್ಲುಸಕ್ಕರೆ ತಿನ್ನುತ್ತೇನೆ ಅಂದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಬಾಯಾರಿಕೆ ಸಕ್ಕರೆಯಿಂದ, ಅದಕ್ಕೆ ಔಷಧಿ ಅಂತ ಮತ್ತೆ ಸಕ್ಕರೆ! ಯಾರು ಹೇಳಿಕೊಟ್ಟರು ಅಂತ ಕೇಳಿದರು. ಹೆಸರು ಹೇಳಲಿಲ್ಲ. ಆ ಹೆಸರು ನನ್ನ ಖಾಸಗಿ ಸ್ವತ್ತು. ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಮನೆಗೆ ಬರುವ ದಾರಿಯಲ್ಲಿ ಒಂದೇ ಯೋಚನೆ. ಅವನು ತಮಾಷೆಗೆ ಅಂದದ್ದು ನಿಜವಾಯಿತು. ಸುಳ್ಳಾಡಿದ್ದರೆ ಕ್ಷಮಿಸುತ್ತಿದ್ದೆ. ನಿಜ ಆಡಿದ್ದಾನೆ. ಅದಕ್ಕೇ ಬಿಡುವುದಿಲ್ಲ.

14 ಸೆಪ್ಟೆಂಬರ್, ಶುಕ್ರವಾರ.

ಸಪ್ಪೆ ಚಹಾ. ಬಿಸಿ ಕೆಸರು. ಬಸಿಯಲ್ಲಿ ಹಾಕಿ ಕುಡಿದೆ, ಲೋಟದಲ್ಲಿ ಕುಡಿದೆ, ಕಣ್ಣು ಮುಚ್ಚಿ ಕುಡಿದೆ. ಕೆಸರೇ.

ಬೆಲ್ಲದ ಗಡಿಗೆ, ಸಕ್ಕರೆ ಡಬ್ಬಿ ನೆರೆಮನೆ ಸೇರಿದವು. ಅಮೀರ್ಬೀ ಮನೆಯಲ್ಲಿ ದಖನಿ ಮಾತಾಡುವವಳು. ಸಿಟ್ಟು ಬಂದರೆ ಕನ್ನಡಕ್ಕೆ ಬರುತ್ತಾಳೆ, ಓಣಿಗೆಲ್ಲ ತಿಳಿಯಲಿ ಅಂತ. ಇವತ್ತು ಪೂರಾ ಕನ್ನಡ. ಶೇರವಾನಿಯ ಕಿಸೆಯಲ್ಲಿ ಬಚ್ಚಿಟ್ಟಿದ್ದ ಕಲ್ಲುಸಕ್ಕರೆ ಪೊಟ್ಟಣ ಸಿಕ್ಕಿಬಿಟ್ಟಿತು.

"ರಾಜಾ ಆಗಿ ನೂರು ಮಂದಿ ತಲಿ ಕಡಸೀರಿ. ಒಂದು ಹಳ್ಳು ಸಕ್ರಿ ಬಿಡ್ಲಿಕ್ಕೆ ಆಗಂಗಿಲ್ಲ ನಿಮಗ?"

ಪೊಟ್ಟಣ ಕಸಿದುಕೊಂಡು ಒರಳಿಗೆ ಹಾಕಿ ಕುಟ್ಟಿದೆ. ಹಿತ್ತಲಲ್ಲಿ ಚೆಲ್ಲಿದೆ. ತಿನ್ನಿರಿ ಇರುವೆಗಳೇ, ನಿಮಗೂ ಇದೇ ಕಾಯಿಲೆ ಬರಲಿ. ಘಳಿಗೆಯಲ್ಲೇ ಬಂದವು. ಅವಕ್ಕೆ ನನ್ನ ಮನೆಯ ದಾರಿ ಗೊತ್ತಿದೆ.

ಕುಟ್ಟಿದ್ದು ಸಕ್ಕರೆಯನ್ನು. ಕಂಡದ್ದು ಅವನ ಮುಖ.

20 ಸೆಪ್ಟೆಂಬರ್, ಗುರುವಾರ.

ಬಂದಿದ್ದ. ನಾಗೇಂದ್ರಪ್ಪ. ಅಮೀರ್ಬೀ ತಾನೇ ಅವನ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದಾಳೆ! ಮನೆಯೊಳಗೇ ವೈರಿಯ ದೂತರು.

ಕಟ್ಟೆಯ ಮೇಲೆ ಕೂತ. ಒಂದು ತಂಬಿಗೆ ನೀರು ಕೇಳಿ ಕುಡಿದ, ಇನ್ನೊಂದು ಕುಡಿದ. ಮುಖ ನೆಲಕ್ಕೆ ಹಾಕಿಕೊಂಡು ಹೇಳಿದ: ರಾಜನ ಪಾರ್ಟು ಸೂಗಪ್ಪನಿಗೆ ಕೊಟ್ಟಿದ್ದೇನೆ.

ಸೂಗಪ್ಪನಿಗೆ. ಜಂಪರ್ ಬಟ್ಟೆ ಅಳೆಯುವ ಧ್ವನಿಯ ಸೂಗಪ್ಪನಿಗೆ!

ಕಾರಣ? ಕಡೆಯ ಸೀನಿನಲ್ಲಿ ಸಿಂಹಾಸನ ಕಳೆದುಕೊಂಡ ರಾಜ ನೆಲ ಒದ್ದು ಗರ್ಜಿಸಬೇಕು. "ಸಿಂಹಾಸನ ಖಾಲಿಯಾಗಿರಬಹುದು, ನಾನು ಖಾಲಿಯಾಗಿಲ್ಲ!" — ಅಂತ ಮೂರು ಸಲ ಒದೆತ. ಗಾಯದ ಕಾಲು. ಅದೇ ಕಾಲು.

"ಕಾಲು ಹೋದ್ರ ಏನ್ ಮಾಡ್ತಿಲೇ? ಒಂದು ವರ್ಷ ಕುಂದ್ರು. ಪರದಿ ಹಿಂದ ಕುಂತು ಮಾತು ಎತ್ತಿಕೊಡು. ನೀ ಇದ್ರ ಅವನಿಗಿ ಧೈರ್ಯ."

"ಮಿಠಾಯಿ ದುಕಾನ್ ಬಂದ್ ಆತು ಅಂತ ಮಂದಿಗಿ ಹೇಳಿ ಬಂದ್ಯಾ, ಇಲ್ಲಾ ಇನ್ನ ಹೇಳಾಂವ ಇದ್ದಿ?"

ತಲೆ ಎತ್ತಿದ. ಅಂದದ್ದು ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ. ಚಂಚಿ ಬಿಚ್ಚಿ, ನನ್ನೆದುರಿಗೇ, ಹರಳೊಂದನ್ನು ಬಾಯಿಗೆ ಹಾಕಿಕೊಂಡ. ಚಟ. ಅವನಿಗೆ ಗೊತ್ತೇ ಆಗಲಿಲ್ಲ. ನನಗೆ ಆ ಕಟಕಟ ಸದ್ದು ಎಲುಬಿನಲ್ಲಿ ಕೇಳಿಸಿತು.

ಬಾಗಿಲು ತೋರಿಸಿದೆ.

21 ಸೆಪ್ಟೆಂಬರ್.

ಬರೆಯುವುದಿಲ್ಲ.

8 ಅಕ್ಟೋಬರ್, ಸೋಮವಾರ.

ಗಾಯ ಕೂಡುತ್ತಿದೆ. ದಿನಾ ಗುಳಿಗೆ, ದಿನಾ ಪಟ್ಟಿ, ಚಪ್ಪಲಿ ಇಲ್ಲದೆ ಹೊಸ್ತಿಲು ದಾಟುವಂತಿಲ್ಲ. ಮಲಗುವ ಮುಂಚೆ ಅಮೀರ್ಬೀ ಕನ್ನಡಿ ಹಿಡಿದು ಅಂಗಾಲು ನೋಡುತ್ತಾಳೆ. ನಲವತ್ತು ವರ್ಷ ಮುಖ ನೋಡಿಕೊಂಡ ಕನ್ನಡಿ. ಈಗ ಅದರಲ್ಲಿ ನನ್ನ ಅಂಗಾಲು ಪಾರ್ಟು ಮಾಡುತ್ತಿದೆ. ಡಾಕ್ಟರ ನಳಿಗೆ ಈ ಸಲ ಹಸಿರಿಗೇ ನಿಂತಿತು. ಬಾಯಾರಿಕೆ ಇಳಿದಿದೆ. ಧ್ವನಿ ಮೊದಲಿಗಿಂತ ಗಟ್ಟಿ. ಕಲ್ಲುಸಕ್ಕರೆ ಇಲ್ಲದೆ! ಎಷ್ಟು ವರ್ಷ ಮೋಸ ಹೋದೆ.

ಇವತ್ತು ಗೋದಾಮಿಗೆ ಹೋಗಿ ಒಪ್ಪಿಕೊಂಡೆ. ಪರದೆಯ ಹಿಂದೆ ಸ್ಟೂಲು, ಕೈಯಲ್ಲಿ ಪುಸ್ತಕ. ನಾಗೇಂದ್ರಪ್ಪನ ಕಣ್ಣು ಒದ್ದೆಯಾಯಿತು. ಅಮೀರ್ಬೀ ಖುಷಿಯಾದಳು. ಪಾಪ.

ಸಭಿಕರೇ, ನಿಮಗೆ ಮಾತ್ರ ಹೇಳುತ್ತೇನೆ. ಸೂಗಪ್ಪನಿಗೆ ಮಾತು ನೆನಪಿರುವುದಿಲ್ಲ, ಅವನು ನನ್ನ ಬಾಯಿ ನೋಡಿಕೊಂಡೇ ನಿಲ್ಲುವವನು. ಕಡೆಯ ಸೀನು. ಅವನು ನೆಲ ಒದೆಯುತ್ತಾನೆ. ಮಾತಿಗಾಗಿ ನನ್ನ ಕಡೆ ತಿರುಗುತ್ತಾನೆ. ನಾನು ಪುಸ್ತಕ ಮುಚ್ಚುತ್ತೇನೆ. ಅಷ್ಟೇ. ಸಾವಿರ ಜನರ ಮುಂದೆ ನಾಗೇಂದ್ರಪ್ಪನ ನಾಟಕ ಬಾಯಿ ತೆರೆದುಕೊಂಡು ನಿಲ್ಲುತ್ತದೆ.

17 ಅಕ್ಟೋಬರ್, ಬುಧವಾರ. ಬೆಳಿಗ್ಗೆ.

ರಾತ್ರಿ ನಿದ್ದೆ ಬರಲಿಲ್ಲ. ಕಾಯಿಲೆಯಿಂದಲ್ಲ.

ನಿನ್ನೆ ತಾಲೀಮಿಗೆ ಹೋಗುವ ಹೊತ್ತಿಗೆ ಅಕಾಲದ ಮಳೆ ಹೊಡೆದು ನಿಂತಿತ್ತು. ರಸ್ತೆಯಾಚೆ ಕೆಸರು. ಪಟ್ಟಿ ಕಟ್ಟಿದ ಕಾಲು. ಜಾಲಿಗಿಡದ ಕಡೆ ಹೋಗುವಂತಿರಲಿಲ್ಲ. ತಾಲೀಮಿನ ನಡುವೆ ಎದ್ದು, ಹಲ್ಲು ಕಚ್ಚಿ, ಬಿಟ್ಟ ಗೋಡೆಗೇ ಹೋದೆ.

ಇರುವೆ ಸಾಲು.

ಮಳೆ ತೊಳೆದ ನೆಲದ ಮೇಲೆ ಹೊಸ ಸಾಲು. ಕಲ್ಲಿನ ಸಂದಿಯಿಂದ ಗೋಡೆಯ ಬುಡಕ್ಕೆ, ಅದೇ ದಿಬ್ಬಣ. ನಾನು ಇಲ್ಲಿಗೆ ಬರುವುದು ಬಿಟ್ಟು ತಿಂಗಳ ಮೇಲಾಯಿತು. ಹಾಗಾದರೆ ಇದು ಯಾರ ದರ್ಬಾರು?

ಒಳಗೆ ಬಂದು ಸ್ಟೂಲಿನ ಮೇಲೆ ಕೂತೆ. ಪುಸ್ತಕ ನೋಡಲಿಲ್ಲ. ಅವನನ್ನು ನೋಡಿದೆ. ಪೇಟಿ ನಿಲ್ಲಿಸಿ ಎದ್ದ. ಹಿಂದಿನ ಗೋಡೆಗೆ ಹೋಗಿ ಬಂದ. ತಂಬಿಗೆ ಎತ್ತಿ ಗಟಗಟ ಕುಡಿದ. ಹರಳು ಬಾಯಿಗೆ ಹಾಕಿಕೊಂಡ. ಎರಡು ಹಾಡು ಮುಗಿಯಿತು. ಮತ್ತೆ ಎದ್ದ. ಅಂಗಿ ಹೆಗಲಿನಿಂದ ಜಾರುತ್ತಿದೆ. ಯಾವಾಗ ಇಷ್ಟು ಒಣಗಿದ ಇವನು? ಅವನ ಮೇಲಿನ ಸೇಡನ್ನೇ ನೋಡುತ್ತಿದ್ದ ನಾನು ಅವನನ್ನೇ ನೋಡಿರಲಿಲ್ಲ.

ಅವತ್ತು ನನ್ನ ಹಿಂದೆಯೇ ಹೋಗಿ ಬಂದವನು. ಅವನು ಮಂದಿಗೆ ತೋರಿಸಿದ ಇರುವೆಗಳಲ್ಲಿ ಅರ್ಧ ಅವನವೇ ಇರಬೇಕು. ನನ್ನನ್ನು ನಗೆಗೀಡು ಮಾಡಿದ್ದು ಅವನ ಸಕ್ಕರೆ!

ಎಂಥ ಆಯುಧ ಸಿಕ್ಕಿತು. ದೇವರು ದೊಡ್ಡವನು.

22 ಅಕ್ಟೋಬರ್, ಸೋಮವಾರ.

ದೀಪಾವಳಿಗೆ ಪ್ರತಿ ವರ್ಷ ನಾಗೇಂದ್ರಪ್ಪನ ಮನೆಯಿಂದ ಕರ್ಚಿಕಾಯಿ ಡಬ್ಬಿ ಬರುತ್ತದೆ. ಈ ಸಲ ಅವನ ಹೆಂಡತಿ ರತ್ನಾಬಾಯಿ ತಂದದ್ದು ಖಾರದ ಚೂಡಾ. ನನಗಾಗಿ ಬೇರೆ ಮಾಡಿದ್ದಂತೆ. ದಯೆ ತೋರಿಸುತ್ತಾರೆ! ಡಬ್ಬಿ ವಾಪಸು ಕಳಿಸಬೇಕೆಂದಿದ್ದೆ. ಅಮೀರ್ಬೀ ಆಗಲೇ ಮುಚ್ಚಳ ತೆರೆದಿದ್ದಳು.

ರತ್ನಾಬಾಯಿಯನ್ನು ಸುಮ್ಮನೆ ಕೇಳಿದೆ, ಮಾಸ್ತರ್ ಆರಾಮ ಇದ್ದಾನೇನಮ್ಮಾ ಅಂತ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ರಾತ್ರಿಯೆಲ್ಲ ಎದ್ದು ನೀರು ಕುಡಿಯುತ್ತಾನೆ. ಧೋತರ ಸೊಂಟದಲ್ಲಿ ನಿಲ್ಲುವುದಿಲ್ಲ. ದವಾಖಾನೆ ಅಂದರೆ ಮನೆ ಬಿಟ್ಟು ಹೋಗುತ್ತಾನೆ.

"ನೀವಾದ್ರೂ ಹೇಳ್ರಿ ಅಣ್ಣಾ. ನಿಮ್ಮ ಮಾತು ಕೇಳ್ತಾರ."

ಹೇಳುತ್ತೇನಮ್ಮಾ, ಅಂದೆ. ಚೆನ್ನಾಗಿ ಹೇಳುತ್ತೇನೆ.

1 ನವೆಂಬರ್, ಗುರುವಾರ. ಬೆಳಿಗ್ಗೆ.

ಇವತ್ತು. ಮಳಖೇಡದಿಂದ ಲಾರಿಯಲ್ಲಿ, ನಾಲವಾರದಿಂದ ರೈಲಿನಲ್ಲಿ ಮಂದಿ ಬರುತ್ತಾರೆ. ಪುಸ್ತಕ ಮುಚ್ಚುವ ಉಪಾಯ ಬಿಟ್ಟೆ, ಅದು ಸಣ್ಣದು. ಪರದೆ ಏಳುವ ಮುಂಚೆ ಮೈಕಿನಲ್ಲಿ ಸ್ವಾಗತ ಹೇಳುವ ಕೆಲಸವೂ ನನಗೇ ಬಂದಿದೆ. ನಾಗೇಂದ್ರಪ್ಪ ತಾನಾಗಿಯೇ ತಂದು ಕೊಟ್ಟಿದ್ದಾನೆ.

ಮೊದಲು ನಾಟಕದ ಹೆಸರು. ಆಮೇಲೆ ಹೇಳುತ್ತೇನೆ: ಗೋದಾಮಿನ ಹಿಂದೆ ಇರುವೆ ಸಾಲು ನೋಡಿ ನಕ್ಕ ಮಹಾನುಭಾವರೇ, ಆ ಇರುವೆಗಳ ನಿಜವಾದ ಅನ್ನದಾತ ಇಗೋ ಪೇಟಿಯ ಮುಂದೆ ಕೂತಿದ್ದಾನೆ. ಏಳೆಂಟು ಜನರ ಮುಂದೆ ನನ್ನನ್ನು ನಗೆಗೀಡು ಮಾಡಿದವನಿಗೆ ಸಾವಿರ ಜನರ ನಗೆ.

ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಕೂಡಿದೆ.

2 ನವೆಂಬರ್, ಶುಕ್ರವಾರ. ಮಧ್ಯಾಹ್ನ.

ಈಗ ಎದ್ದೆ. ಗಂಟಲು ಬಿದ್ದಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೈಕು ಕೈಯಲ್ಲಿತ್ತು. ರಂಗದ ಆಚೆ ಬದಿಯಲ್ಲಿ ಪೇಟಿಗೆ ಪೂಜೆ ನಡೆದಿತ್ತು — ಕಾಯಿ, ಕುಂಕುಮ, ಊದಿನಕಡ್ಡಿಯ ಗೊಂಚಲು. ನಾಗೇಂದ್ರಪ್ಪ ಬರಿಗಾಲಲ್ಲಿ ಪೇಟಿ ತುಳಿಯುತ್ತ ಶ್ರುತಿ ಹಿಡಿದಿದ್ದ. ಗೊಂಚಲಿನಿಂದ ಒಂದು ಕಡ್ಡಿ ಮುರಿದು ಬಿತ್ತು. ಉರಿಯುವ ತುದಿ ಅವನ ಬಲಗಾಲ ಬೆರಳುಗಳ ಸಂದಿಗೆ ಸಿಕ್ಕಿಕೊಂಡಿತು.

ಈಗ ಜಿಗಿಯುತ್ತಾನೆ ಅಂದುಕೊಂಡೆ.

ಜಿಗಿಯಲಿಲ್ಲ. ತುಳಿಯುತ್ತಲೇ ಇದ್ದ. ಕಣ್ಣು ಮುಚ್ಚಿ, ನಗುಮುಖದಿಂದ, ತಲೆ ಆಡಿಸುತ್ತ. ಪಾದ ಏಳುತ್ತದೆ, ಇಳಿಯುತ್ತದೆ, ಕೆಂಡ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಧೂಪದ ಪರಿಮಳದಲ್ಲಿ ಇನ್ನೊಂದು ವಾಸನೆ.

ನನ್ನ ಅಂಗಾಲು ಝುಂ ಅಂದಿತು. ಸೂಜಿ ಚುಚ್ಚಿದರೂ ಗೊತ್ತಾಗದ ಅದೇ ಅಂಗಾಲು.

ಮೈಕಿನಲ್ಲಿ ಏನು ಹೇಳಿದೆನೋ. ನಾಟಕದ ಹೆಸರು ಹೇಳಿದೆ ಅನಿಸುತ್ತದೆ. ಪರದೆಯ ಹಿಂದಿನಿಂದ ಓಡಿ ಹೋಗಿ ಕಡ್ಡಿ ಕಿತ್ತು ಒಗೆದೆ. ಅವನು ಕಣ್ಣು ತೆರೆದು, ಸ್ಟೂಲಿಗೆ ಹೋಗು ಅಂತ ಹುಬ್ಬಿನಲ್ಲೇ ಸನ್ನೆ ಮಾಡಿದ. ಶ್ರುತಿ ಬಿಡಲಿಲ್ಲ.

ನಾಟಕ ನಡೆಯಿತು. ಕಡೆಯ ಸೀನಿನಲ್ಲಿ ಸೂಗಪ್ಪ ನೆಲ ಒದ್ದ. ಮಾತು ಮರೆತ. ನನ್ನ ಕಡೆ ತಿರುಗಿದ. ಸಾವಿರ ಜನ ಉಸಿರು ಹಿಡಿದರು. ಪಿಸುಗುಟ್ಟಬೇಕಿತ್ತು ನಾನು. ಆದರೆ ಎದೆಯೊಳಗೆ ಎರಡು ತಿಂಗಳ ಬೆಂಕಿ. ಗರ್ಜಿಸಿಬಿಟ್ಟೆ. "ಸಿಂಹಾಸನ ಖಾಲಿಯಾಗಿರಬಹುದು, ನಾನು ಖಾಲಿಯಾಗಿಲ್ಲ!" ಮಂಟಪ ನಡುಗಿತು. ಸೂಗಪ್ಪ ಬಾಯಿ ತೆರೆದು ಕೈ ಎತ್ತಿದ, ಅಷ್ಟೇ. ಮಂದಿ ಎದ್ದು ನಿಂತು ಚಪ್ಪಾಳೆ. ಖಣಿಯ ಮಾಲಕರು ರಂಗಕ್ಕೆ ಹತ್ತಿ ಸೂಗಪ್ಪನಿಗೆ ಜರತಾರಿ ರುಮಾಲು ಸುತ್ತಿ ಆಯೇರಿ ಮಾಡಿದರು. ಗಂಟಲು ನನ್ನದು, ರುಮಾಲು ಅವನದು! ಇದನ್ನೂ ಮರೆಯುವುದಿಲ್ಲ. ಆದರೆ ಸೂಗಪ್ಪನ ಸರದಿ ಆಮೇಲೆ.

ಪರದೆ ಬಿದ್ದ ಮೇಲೆ ನಾಗೇಂದ್ರಪ್ಪನ ಹತ್ತಿರ ಹೋದೆ. ಪೇಟಿಗೆ ಬಟ್ಟೆ ಹೊದಿಸುತ್ತಿದ್ದ.

"ಕಾಲ್ ನೋಡ್ಕೋ," ಅಂದೆ.

ಬಗ್ಗಿ ನೋಡಿದ. ಬೆರಳ ಸಂದಿಯಲ್ಲಿ ಕರಿ ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದ, ಬೇರೆಯವರ ಕಾಲು ಒತ್ತಿದ ಹಾಗೆ.

"ಏನಿಲ್ಲ ಬಿಡು. ಉರೀನೇ ಇಲ್ಲ."

"ಉರಿ ಇಲ್ಲದ್ದೇ ಬ್ಯಾನಿಲೇ ಅದು. ಗ್ವಾಡಿ ಹಿಂದ ಇನ್ನ ಇರವಿ ಅವ. ನಾ ಅಲ್ಲಿ ಹೋಗಾದು ಬಿಟ್ಟು ಭಾಳ ದಿನ ಆತು."

ಕೈ ನಿಂತಿತು. ಇವನಿಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ಇರುವೆ ಅವನವು ಅಂತ ಯಾರಾದರೂ ಅನ್ನುವ ಮುಂಚೆ ದಸ್ತಗೀರನವು ಅಂತ ಕೂಗಿಬಿಟ್ಟಿದ್ದ.

"ನನಗ ಹೆದರಿಕಿ ಬರ್ತದಲೇ ದಸ್ತಗೀರ," ಅಂದ. ಅಂದವನು ಚಂಚಿಗೆ ಕೈ ಹಾಕಿ ಹರಳೊಂದನ್ನು ಬಾಯಿಗೆ ಎಸೆದುಕೊಂಡು, ಕತ್ತಲಲ್ಲಿ ಮನೆಯ ದಾರಿ ಹಿಡಿದ. ಬಲಗಾಲು ನೆಟ್ಟಗೆ ಊರುತ್ತಿತ್ತು. ಕುಂಟಿದ್ದರೆ ಚೆನ್ನಾಗಿತ್ತು.

ಅದೇ ದಿನ. ಸಂಜೆ, ದೀಪ ಹಚ್ಚುವ ಹೊತ್ತು.

ಕೇಳಿರಿ, ಜೋಳದ ಚೀಲವೇ, ಕಂದೀಲೇ, ಜರಿ ಅಂಗಿಯೇ. ಸೇಡು ತೀರಿತು ಅಂದುಕೊಂಡಿರೋ? ಸಾವಿರ ಜನರ ಮುಂದೆ ಹೇಳಿದ್ದರೆ ಒಂದು ರಾತ್ರಿ ನಗುತ್ತಿದ್ದರು, ಬೆಳಗಾದರೆ ಮರೆಯುತ್ತಿದ್ದರು. ಆಮೇಲೆ ಅವನು ಕಾಲು ಕಪ್ಪಾಗಿ, ಕಂಬಳಿ ಹೊದ್ದು, ಸುಮ್ಮನೆ ಸತ್ತುಹೋಗುತ್ತಿದ್ದ. ಅಷ್ಟು ಸುಲಭಕ್ಕೆ ತಪ್ಪಿಸಿಕೊಂಡು ಹೋಗಲು ಬಿಡುತ್ತೇನೆಯೇ?

ಇಲ್ಲ. ಅವನು ಬದುಕಬೇಕು. ನಾನು ಕುಡಿದ ಸಪ್ಪೆ ಚಹಾ ಅವನೂ ಕುಡಿಯಬೇಕು, ಮುದುಕನಾಗುವವರೆಗೆ, ನನ್ನೆದುರಿಗೆ, ಬಸಿಯಲ್ಲಿ ಹಾಕಿ. ಹೋಳಿಗೆಯ ವಾಸನೆ ಬಂದಾಗ ಜೋಳದ ರೊಟ್ಟಿ ಮುರಿಯಬೇಕು. ರತ್ನಾಬಾಯಿ ಕನ್ನಡಿ ಹಿಡಿದು ಅವನ ಅಂಗಾಲು ನೋಡಬೇಕು. ಆ ಕೆಂಪು ಚಂಚಿಯಲ್ಲಿ ಗುಳಿಗೆ ತುಂಬಬೇಕು. ಬರುವ ವರ್ಷ ನಾನು ನೆಲ ಒದ್ದು ಗರ್ಜಿಸುವಾಗ ಅವನು ಪೇಟಿ ತುಳಿಯುತ್ತಿರಬೇಕು, ಎರಡೂ ಕಾಲಲ್ಲಿ.

ಅಮೀರ್ಬೀಗೆ ಹೇಳಿದೆ. ತೊಳೆದ ಸೀಸೆಯೊಂದನ್ನು ತಂದು ಕೊಟ್ಟಳು. ಅವಳೂ ನನ್ನ ಪಕ್ಷಕ್ಕೆ ಬಂದಳು ಕಡೆಗೆ.

ನಾಳೆ ಮುಂಜಾನೆ, ಅವನು ಎದ್ದು ತಂಬಿಗೆಗೆ ಕೈ ಹಾಕುವ ಮುಂಚೆ, ಅವನ ಬಾಗಿಲಲ್ಲಿ ನಿಲ್ಲುತ್ತೇನೆ. ಓಣಿಯ ಎಲ್ಲ ಕದ ತೆರೆಯುವ ಹಾಗೆ ಹೆಸರು ಹಿಡಿದು ಕೂಗುತ್ತೇನೆ. ಓಡಿದರೆ ಹಿತ್ತಲಿನಲ್ಲಿ ಹಿಡಿಯುತ್ತೇನೆ. ಅತ್ತರೆ ಅಳಲಿ. ತೋಳು ಹಿಡಿದು, ಚಪ್ಪಲಿ ಮೆಟ್ಟಿಸಿ, ಪೇಟೆಯ ನಡುವೆ ನಡೆಸಿಕೊಂಡು ಹೋಗಿ, ಹಣಮಂತರಾಯರ ಮೇಜಿನ ಮುಂದೆ ಕೂಡಿಸುತ್ತೇನೆ. ಪಕ್ಕದಲ್ಲಿ ನಾನು. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು. ಸ್ಪಿರಿಟ್ ದೀಪ ಹಚ್ಚುತ್ತಾರೆ. ನೀಲಿ ಹಸಿರಾಗುತ್ತದೆ, ಹಸಿರು ಹಳದಿ, ಹಳದಿ ಇಟ್ಟಂಗಿ... ಆಗ ಅವನು ನನ್ನ ಕಡೆ ತಿರುಗುತ್ತಾನೆ, ಮಾತು ಮರೆತ ಸೂಗಪ್ಪನ ಹಾಗೆ. ಆಗ ನಾನು ಬಗ್ಗಿ, ಅವನ ಕಿವಿಯಲ್ಲಿ ಮಾತ್ರ, ಮಾತು ಎತ್ತಿಕೊಡುತ್ತೇನೆ: "ಹೆದರಬ್ಯಾಡಲೇ, ಇಬ್ಬರ್ದೂ ಮಿಠಾಯಿ ದುಕಾನ್ ಬಂದ್."